ಕಳ್ಳ ಮನೆಯೊಳಗೆ ಬಂದಾಗ

ರಾತ್ರಿ ಎರಡು ಗಂಟೆಯ ಹೊತ್ತು. ಮನೆಮಂದಿಯೆಲ್ಲ ಮಲಗಿದ್ದೀರಿ. ಹಿತ್ತಿಲ ಬಾಗಿಲ ಚಿಲಕ ಸದ್ದಾಗುತ್ತದೆ. ಬೆಕ್ಕಿರಬಹುದೆಂದು ಮಗ್ಗುಲು ಬದಲಿಸುತ್ತೀರಿ. ಮತ್ತೆ ಸದ್ದು, ಈ ಸಲ ಅಡಿಗೆಮನೆಯಲ್ಲಿ ಪಾತ್ರೆ ಉರುಳುತ್ತದೆ. ಕೋಣೆಯ ಮೂಲೆಯಲ್ಲಿ ಒಂದು ದೊಣ್ಣೆ ಇದೆ. ಅದನ್ನು ಕೈಗೆ ತೆಗೆದುಕೊಳ್ಳಬಹುದೆ? ತೆಗೆದುಕೊಂಡದ್ದನ್ನು ಎತ್ತಬಹುದೆ? ಎತ್ತಿದ ಏಟು ತಲೆಗೆ ಬಿದ್ದು ಬಂದವನು ಸತ್ತೇಹೋದರೆ, ಬೆಳಗಾದ ಮೇಲೆ ಠಾಣೆಯಲ್ಲಿ ಕೈಕಟ್ಟಿ ನಿಲ್ಲಬೇಕಾದವರು ಯಾರು?

ಈ ಪ್ರಶ್ನೆಗೆ ನಮ್ಮ ಬೀದಿಯ ಜಗಲಿಗಳ ಮೇಲೆ ಎರಡು ಬಗೆಯ ಉತ್ತರ ಸಿಕ್ಕುತ್ತದೆ. “ಕಳ್ಳನ ಮೈ ಮುಟ್ಟಬೇಡಿ ಸ್ವಾಮಿ, ನಿಮ್ಮ ಮೇಲೇ ಕೇಸು ಬೀಳುತ್ತದೆ” ಎನ್ನುವವರು ಕೆಲವರು. “ನಮ್ಮ ಮನೆಯೊಳಕ್ಕೆ ಬಂದ ಮೇಲೆ ಏನು ಮಾಡಿದರೂ ಕೇಳುವವರಿಲ್ಲ” ಎನ್ನುವವರು ಇನ್ನು ಕೆಲವರು. ಮೊದಲಿನ ಮಾತನ್ನು ನಂಬಿದವರು ಕಣ್ಣೆದುರಿಗೇ ಮನೆಯವರಿಗೆ ಕೇಡಾಗುವುದನ್ನು ನೋಡುತ್ತ ನಿಂತಾರು. ಎರಡನೆಯದನ್ನು ನಂಬಿದವರು ಕೊಲೆಯ ಆಪಾದನೆ ಹೊತ್ತು ಸೆರೆಮನೆ ಸೇರಿಯಾರು. ಎರಡೂ ತಪ್ಪು ತಿಳಿವಳಿಕೆ. ಈ ಲೇಖಕ ವಕೀಲನಲ್ಲ, ಪಾಠ ಹೇಳುವವನು. ಆದರೆ ನ್ಯಾಯಶಾಸ್ತ್ರದ ಈ ಒಂದು ಅಧ್ಯಾಯವನ್ನು ಪ್ರತಿಯೊಬ್ಬ ಗೃಹಸ್ಥನೂ ಗೃಹಿಣಿಯೂ ಓದಿಕೊಂಡಿರಬೇಕೆಂದು ನಂಬಿದವನು. ಅದನ್ನು ಎಲ್ಲರಿಗೂ ತಿಳಿಯುವ ಮಾತಿನಲ್ಲಿ ಇಲ್ಲಿ ವಿವರಿಸುತ್ತೇನೆ.

ಅಧ್ಯಾಯದ ಸಾರವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕನ್ನಡದಲ್ಲಿ ರಕ್ಷೆ, ಶಿಕ್ಷೆ ಎಂದು ಎರಡು ಪದಗಳಿವೆ. ಕಿವಿಗೆ ಹತ್ತಿರದವು, ಅರ್ಥದಲ್ಲಿ ದೂರದವು. ರಕ್ಷೆಯ ಹಕ್ಕನ್ನು ಕಾನೂನು ನಿಮ್ಮ ಕೈಯಲ್ಲಿ ಇಟ್ಟಿದೆ. ಶಿಕ್ಷೆಯ ಹಕ್ಕನ್ನು ಇಟ್ಟಿಲ್ಲ. ಅದೇ ದೊಣ್ಣೆ, ಅದೇ ಕೈ, ಅದೇ ಕಳ್ಳ. ಆದರೂ ಒಂದು ಕ್ಷಣದ ಹಿಂದೆ ರಕ್ಷೆಯಾಗಿದ್ದ ಏಟು ಮರುಕ್ಷಣದಲ್ಲಿ ಶಿಕ್ಷೆಯಾಗಿಬಿಡಬಹುದು. ಆ ಗೆರೆ ಎಲ್ಲಿದೆ ಎಂಬುದನ್ನು ತಿಳಿಯುವುದೇ ಇಲ್ಲಿಯ ಮುಖ್ಯ ವಿಷಯ.

ಈ ವಿವೇಕ ಇಂದು ನಿನ್ನೆಯದಲ್ಲ. ನಮ್ಮ ಧರ್ಮಶಾಸ್ತ್ರಕಾರರು ‘ಆತತಾಯಿ’ ಎಂದು ಒಂದು ಪದವನ್ನು ಬಳಸುತ್ತಿದ್ದರು. ಮನೆಗೆ ಬೆಂಕಿಯಿಡುವವನು, ವಿಷವಿಕ್ಕುವವನು, ಆಯುಧ ಹಿಡಿದು ಮೇಲೆ ಬೀಳುವವನು, ಧನವನ್ನು ಅಪಹರಿಸುವವನು, ಭೂಮಿಯನ್ನು ಕಸಿಯುವವನು, ಹೆಂಡತಿಯನ್ನು ಸೆಳೆದೊಯ್ಯುವವನು - ಈ ಆರು ಬಗೆಯವರು ಆತತಾಯಿಗಳು. ನಮ್ಮ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ‘ಮಿತಾಕ್ಷರಾ’ ಬರೆದ ವಿಜ್ಞಾನೇಶ್ವರನು ಬ್ರಾಹ್ಮಣರೇ ಮೊದಲಾದವರು ಆತತಾಯಿಗಳಾಗಿ ಬಂದರೆ ಏನು ಗತಿ ಎಂಬ ಪ್ರಶ್ನೆಯನ್ನು ಚರ್ಚಿಸಿದ್ದಾನೆ. ಕೊಲ್ಲುವ ಸಂಕಲ್ಪವಿಲ್ಲದೆ, ತನ್ನನ್ನು ಉಳಿಸಿಕೊಳ್ಳಲು ತಡೆಯುವಾಗ ಕೈಮೀರಿ ಅವರು ಸತ್ತರೆ ರಾಜದಂಡವಿಲ್ಲ ಎಂಬುದು ಅವನ ನಿರ್ಣಯ. ತಡೆಯುವುದು ಬೇರೆ, ಕೊಲ್ಲುವ ಸಂಕಲ್ಪ ಬೇರೆ ಎಂಬ ಭೇದವನ್ನು ಅವನು ಅಂದೇ ಕಂಡಿದ್ದನು.

ಈಗಿನ ಕಾನೂನಿನ ಬೇರು ಮೆಕಾಲೆಯ ಆಯೋಗ ೧೮೩೭ರಲ್ಲಿ ಸಿದ್ಧಪಡಿಸಿದ ಕರಡಿನಲ್ಲಿದೆ. ಆ ಕರಡೇ ೧೮೬೦ರಲ್ಲಿ ಭಾರತ ದಂಡ ಸಂಹಿತೆಯಾಗಿ, ೧೮೬೨ರ ಜನವರಿ ೧ರಿಂದ ಜಾರಿಗೆ ಬಂದಿತು. ಈ ದೇಶದ ಜನ ದರೋಡೆಕಾರರ ಮುಂದೆ ತೀರ ತಲೆಬಾಗುತ್ತಾರೆ, ಎದುರು ನಿಲ್ಲುವ ಧೈರ್ಯವನ್ನು ಕಾನೂನು ಬೆಳೆಸಬೇಕೇ ಹೊರತು ಅಡಗಿಸಬಾರದು ಎಂಬುದು ಮೆಕಾಲೆಯ ಅಭಿಪ್ರಾಯವಾಗಿತ್ತು. ಆದುದರಿಂದ ನಮ್ಮ ಕಾನೂನು ಮನೆಯವನ ಪರವಾಗಿ ಸಾಕಷ್ಟು ಉದಾರವಾಗಿಯೇ ಇದೆ. ೨೦೨೪ರ ಜುಲೈ ೧ರಿಂದ ಆ ಹಳೆಯ ಸಂಹಿತೆಯ ಸ್ಥಾನಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹಿಂದೆ ೯೬ರಿಂದ ೧೦೬ರವರೆಗೆ ಇದ್ದ ಹನ್ನೊಂದು ಕಲಂಗಳು ಈಗ ೩೪ರಿಂದ ೪೪ರವರೆಗೆ ಇವೆ. ಅಂಕಿ ಬದಲಾಗಿದೆ, ತಿರುಳು ಹೆಚ್ಚು ಬದಲಾಗಿಲ್ಲ.

ಮೂಲ ಸೂತ್ರ ೩೪ನೆಯ ಕಲಮಿನಲ್ಲಿದೆ: ಆತ್ಮರಕ್ಷಣೆಯ ಹಕ್ಕನ್ನು ಚಲಾಯಿಸುವಾಗ ಮಾಡಿದ ಯಾವ ಕೆಲಸವೂ ಅಪರಾಧವಲ್ಲ. ಇದು ಕ್ಷಮೆಯಲ್ಲ, ರಿಯಾಯಿತಿಯೂ ಅಲ್ಲ. ಅಪರಾಧವೇ ಅಲ್ಲವೆಂಬ ಘೋಷಣೆ. ೩೫ನೆಯದು ಇದನ್ನು ವಿಸ್ತರಿಸುತ್ತದೆ. ನಿಮ್ಮ ದೇಹವನ್ನು ಮಾತ್ರವಲ್ಲ, ಬೇರೆ ಯಾರ ದೇಹವನ್ನಾದರೂ ನೀವು ರಕ್ಷಿಸಬಹುದು. ನಿಮ್ಮ ಸ್ವತ್ತನ್ನು ಮಾತ್ರವಲ್ಲ, ಇತರರ ಸ್ವತ್ತನ್ನೂ ಕಳವು, ಸುಲಿಗೆ, ಹಾಳುಗೆಡವುವುದು, ಅತಿಕ್ರಮ ಪ್ರವೇಶ - ಇವುಗಳಿಂದ ಕಾಪಾಡಬಹುದು. ಪಕ್ಕದ ಮನೆಯ ಒಂಟಿ ಮುದುಕಿ ಕೂಗಿಕೊಂಡಾಗ ಓಡಿಹೋಗಿ ಅಡ್ಡನಿಲ್ಲುವವನು ಇಲ್ಲದ ಉಸಾಬರಿ ಹಚ್ಚಿಕೊಂಡವನಲ್ಲ; ಕಾನೂನು ಅವನ ಬೆನ್ನಿಗಿದೆ.

ಇನ್ನು ಎಷ್ಟರವರೆಗೆ ಎಂಬ ವಿಚಾರ. ಸ್ವತ್ತಿನ ರಕ್ಷಣೆಗಾಗಿ ಎದುರಾಳಿಯ ಪ್ರಾಣಕ್ಕೆ ಅಪಾಯವಾಗುವಷ್ಟು ಬಲವನ್ನು ಪ್ರಯೋಗಿಸಲು ನಾಲ್ಕು ಸಂದರ್ಭಗಳಲ್ಲಿ ಮಾತ್ರ ಅವಕಾಶವುಂಟು. ಅವನ್ನು ೪೧ನೆಯ ಕಲಂ ಎಣಿಸುತ್ತದೆ. ಒಂದು, ಸುಲಿಗೆ. ಎರಡು, ಸೂರ್ಯಾಸ್ತದ ನಂತರ ಸೂರ್ಯೋದಯದ ಮೊದಲು ಮನೆಗೆ ಕನ್ನ ಹಾಕುವುದು. ಮೂರು, ಜನ ವಾಸಿಸುವ ಅಥವಾ ಸಾಮಾನು ಇಡುವ ಕಟ್ಟಡಕ್ಕೆ ಬೆಂಕಿಯಿಂದಲೋ ಸ್ಫೋಟಕದಿಂದಲೋ ಹಾನಿ ಮಾಡುವುದು. ನಾಲ್ಕು, ಕಳವು, ಹಾನಿ ಅಥವಾ ಮನೆಯ ಅತಿಕ್ರಮ ಪ್ರವೇಶ ನಡೆಯುತ್ತಿರುವಾಗ, ತಡೆಯದಿದ್ದರೆ ಸಾವೋ ಘೋರವಾದ ಗಾಯವೋ ಆದೀತೆಂದು ಯಾರಿಗಾದರೂ ಸಹಜವಾಗಿ ಭಯ ಹುಟ್ಟುವಂಥ ಸನ್ನಿವೇಶ. ಇವುಗಳ ಹೊರಗಿನ ಕಳವಿಗೆ, ಹಾನಿಗೆ, ಅತಿಕ್ರಮ ಪ್ರವೇಶಕ್ಕೆ ೪೨ನೆಯ ಕಲಂ ಅನ್ವಯಿಸುತ್ತದೆ: ತಡೆಯಬಹುದು, ಹಿಡಿಯಬಹುದು, ಅಗತ್ಯವಾದರೆ ಹೊಡೆಯಬಹುದು, ಪ್ರಾಣ ತೆಗೆಯುವಂತಿಲ್ಲ.

ಎರಡನೆಯ ಸಂದರ್ಭವನ್ನು ಸ್ವಲ್ಪ ಬಿಡಿಸಿ ನೋಡೋಣ. ಕನ್ನ ಎಂದೊಡನೆ ನಮಗೆ ಗೋಡೆಯಲ್ಲಿ ಕೊರೆದ ತೂತು ನೆನಪಾಗುತ್ತದೆ. ಶೂದ್ರಕನ ‘ಮೃಚ್ಛಕಟಿಕ’ದಲ್ಲಿ ಶರ್ವಿಲಕನು ಚಾರುದತ್ತನ ಮನೆಯ ಗೋಡೆಗೆ ಕನ್ನ ಕೊರೆಯುವಾಗ ಅಳತೆದಾರ ಮರೆತುಬಂದು ಜನಿವಾರವನ್ನೇ ಅಳತೆಗೆ ಹಿಡಿಯುವುದನ್ನು ಓದಿ ನಕ್ಕವರುಂಟು. ಕಾನೂನಿನ ಕನ್ನ ಇದಕ್ಕಿಂತ ವಿಶಾಲವಾದದ್ದು. ಗೋಡೆ ಕೊರೆದರೂ ಕನ್ನವೇ. ಕಿಟಕಿಯಿಂದ ನುಸುಳಿದರೂ, ಗೋಡೆ ಹತ್ತಿ ಮಾಡಿನಿಂದ ಇಳಿದರೂ, ಬೀಗ ತೆಗೆದರೂ, ಹಾಕಿದ ಚಿಲಕವನ್ನು ಸರಿಸಿದರೂ, ಬಾಗಿಲಲ್ಲಿ ನಿಂತವರನ್ನು ತಳ್ಳಿ ಒಳನುಗ್ಗಿದರೂ ಕನ್ನವೇ. ಆದರೆ ತೆರೆದಿಟ್ಟ ಬಾಗಿಲಿನಿಂದ ಸುಮ್ಮನೆ ಒಳಗೆ ಬಂದವನು ಕನ್ನ ಹಾಕಿದವನಲ್ಲ. ಅವನ ವಿಚಾರವನ್ನು ನಾಲ್ಕನೆಯ ಸಂದರ್ಭದ ಅಳತೆಯಿಂದಲೇ ನೋಡಬೇಕು. ಕಾಂಪೌಂಡು ಹಾರಿ ತೆಂಗಿನಕಾಯಿ ಕೀಳುವವನು ರಾತ್ರಿಯಲ್ಲಿ ಬಂದರೂ ಮನೆಗೆ ಕನ್ನ ಹಾಕಿದವನಾಗುವುದಿಲ್ಲ. ಬೆಳಗಿನ ಜಾವ ಪೂಜೆಗೆಂದು ನಿಮ್ಮ ದಾಸವಾಳವನ್ನು ಬುಟ್ಟಿಗೆ ತುಂಬುವವರ ಮೇಲೆ ನಿಮಗೆ ಬರುವ ಕೋಪ ನ್ಯಾಯವಾದದ್ದೇ. ಅಲ್ಲಿಗೆ ಗಟ್ಟಿಯಾದ ಗಂಟಲು ಸಾಕು.

ರಾತ್ರಿಗೆ ಈ ವಿಶೇಷವೇಕೆ? ಕತ್ತಲಲ್ಲಿ ಬಂದವನು ಒಬ್ಬನೋ ನಾಲ್ವರೋ ಕಾಣದು. ಕೈಯಲ್ಲಿರುವುದು ಬ್ಯಾಟರಿಯೋ ಚೂರಿಯೋ ತಿಳಿಯದು. ನೆರೆಯವರು ನಿದ್ದೆಯಲ್ಲಿರುತ್ತಾರೆ. ಹಗಲಿನಲ್ಲಿ ನಾಲ್ಕು ಹೆಜ್ಜೆಗೆ ಸಿಕ್ಕುವ ಸಹಾಯ ರಾತ್ರಿಯಲ್ಲಿ ದೂರವಾಗುತ್ತದೆ. ಮನೆಯೊಳಗೆ ಸಿಕ್ಕಿಕೊಂಡವರ ಈ ನಿಸ್ಸಹಾಯಕತೆಯನ್ನು ಕಾನೂನು ಲೆಕ್ಕಕ್ಕೆ ತೆಗೆದುಕೊಂಡಿದೆ.

ಸ್ವತ್ತಿನ ಮಾತು ಇಷ್ಟಾಯಿತು. ಬಂದವನು ಸ್ವತ್ತನ್ನು ಬಿಟ್ಟು ಮನುಷ್ಯರ ಮೇಲೆ ಬಿದ್ದರೆ ಹಗಲು ರಾತ್ರಿಯ ಪ್ರಶ್ನೆಯೇ ಇಲ್ಲ. ಸಾವಿನ ಭಯ, ಘೋರವಾದ ಗಾಯದ ಭಯ, ಹೆಂಗಸರ ಮಾನಭಂಗದ ಪ್ರಯತ್ನ, ಅಪಹರಣ, ಆಸಿಡ್ ಎರಚುವುದು ಮುಂತಾದವನ್ನು ೩೮ನೆಯ ಕಲಂ ಎಣಿಸುತ್ತದೆ. ಇಂಥ ಆಕ್ರಮಣವನ್ನು ತಡೆಯುವಾಗ ಆಕ್ರಮಿಸಿದವನ ಪ್ರಾಣವೇ ಹೋದರೂ ಅದು ಅಪರಾಧವಲ್ಲ.

ಇಷ್ಟನ್ನು ಕೇಳಿ ಯಾರೂ ದೊಣ್ಣೆಗೆ ಎಣ್ಣೆ ಹಚ್ಚಲು ಹೊರಡಬಾರದು. ಈ ಹಕ್ಕಿಗೆ ೩೭ನೆಯ ಕಲಂ ಎರಡು ಕಡಿವಾಣ ಹಾಕಿದೆ. ಮೊದಲನೆಯದು, ಸರ್ಕಾರದ ರಕ್ಷಣೆ ಪಡೆಯಲು ಸಮಯವಿದ್ದಾಗ ಆತ್ಮರಕ್ಷಣೆಯ ಹಕ್ಕು ಹುಟ್ಟುವುದೇ ಇಲ್ಲ. “ನಾಳೆ ಬಂದು ನಿನ್ನ ಗೋಡೆ ಕೆಡವುತ್ತೇನೆ” ಎಂದು ಪಕ್ಕದವನು ಇಂದು ಗದರಿಸಿದರೆ, ನೀವು ಹೋಗಬೇಕಾದದ್ದು ಪೊಲೀಸ್ ಠಾಣೆಗೆ. ನೆಂಟರನ್ನು ಕಲೆಹಾಕಿ ಕಾದು ಕೂರುವುದಲ್ಲ. ಎರಡನೆಯದು, ರಕ್ಷಣೆಗೆ ಎಷ್ಟು ಬೇಕೋ ಅದಕ್ಕಿಂತ ಹೆಚ್ಚಿನ ಕೇಡು ಮಾಡಕೂಡದು. ಗದರಿದರೆ ಓಡುವವನಿಗೆ ಏಟು ಬೇಡ. ಒಂದು ಏಟಿಗೆ ಬೀಳುವವನಿಗೆ ಎರಡನೆಯದು ಬೇಡ. ನಾಲ್ಕು ಸಂದರ್ಭಗಳೂ ಈ ಕಡಿವಾಣಕ್ಕೆ ಒಳಪಟ್ಟವೇ. ಕನ್ನ ಹಾಕಿದ್ದಾನೆ ಎಂಬ ಒಂದೇ ಕಾರಣಕ್ಕೆ, ಕೈಯೆತ್ತಿ ಶರಣಾದ ಹುಡುಗನನ್ನು ಕೊಲ್ಲಲು ಯಾವ ಕಲಮೂ ಒಪ್ಪುವುದಿಲ್ಲ.

ನಿದ್ದೆಗಣ್ಣಿನಲ್ಲಿ, ಎದೆ ಡವಗುಟ್ಟುತ್ತಿರುವಾಗ, ಏಟನ್ನು ಅಳೆದು ತೂಗಿ ಹಾಕಲಾದೀತೆ ಎಂದು ನೀವು ಕೇಳಬಹುದು. ನ್ಯಾಯಾಲಯಗಳಿಗೂ ಇದು ಗೊತ್ತಿದೆ. ಚಿನ್ನ ತೂಗುವ ತಕ್ಕಡಿಯಲ್ಲಿ ಮನೆಯವನ ಏಟನ್ನು ತೂಗಲಾಗದೆಂದು ಅವು ಮತ್ತೆ ಮತ್ತೆ ಹೇಳಿವೆ. ೨೦೧೦ರಲ್ಲಿ ಪಂಜಾಬಿನ ಒಂದು ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಹಕ್ಕಿನ ಸೂತ್ರಗಳನ್ನೆಲ್ಲ ಒಂದೆಡೆ ಪೋಣಿಸಿಕೊಟ್ಟಿತು. ಅನ್ಯಾಯದ ಆಕ್ರಮಣ ಎದುರಾದಾಗ ಹೇಡಿಯಂತೆ ಓಡಿಹೋಗಬೇಕೆಂದು ಕಾನೂನು ಯಾರಿಗೂ ಹೇಳುವುದಿಲ್ಲ; ಅಪಾಯದ ಸಹಜವಾದ ಭಯ ಹುಟ್ಟಿದರೆ ಸಾಕು, ಮೊದಲ ಏಟು ತಿನ್ನುವವರೆಗೆ ಕಾಯಬೇಕಾಗಿಲ್ಲ ಎಂಬುದು ಅವುಗಳ ಅಭಿಪ್ರಾಯ. ಮಿತಿ ಮೀರಿದ್ದು ಎದ್ದು ಕಾಣುವಂತಿದೆಯೆ ಎಂಬುದನ್ನಷ್ಟೇ ನ್ಯಾಯಾಧೀಶರು ನೋಡುತ್ತಾರೆ.

ಹಾಗಾದರೆ ರಕ್ಷೆ ಮುಗಿದು ಶಿಕ್ಷೆ ಆರಂಭವಾಗುವುದು ಯಾವಾಗ? ಅಪಾಯ ಮುಗಿದ ಕ್ಷಣದಲ್ಲಿ. ಕನ್ನ ಹಾಕಿ ಬಂದವನು ಮನೆಯೊಳಗೆ ಇರುವವರೆಗೂ ಕನ್ನದ ವಿಷಯದ ಹಕ್ಕು ಉಳಿಯುತ್ತದೆ. ಅವನು ಹೊರಬಿದ್ದು ಓಡಿದ ಮೇಲೆ ಅದು ನಿಲ್ಲುತ್ತದೆ. ಕದ್ದ ಮಾಲು ಅವನ ಕೈಯಲ್ಲಿದ್ದರೆ, ಅದು ನಿಮಗೆ ಮರಳಿ ಸಿಕ್ಕುವವರೆಗೆ, ಇಲ್ಲವೆ ಪೊಲೀಸರ ನೆರವು ದೊರೆಯುವವರೆಗೆ, ಇಲ್ಲವೆ ಅವನು ತಪ್ಪಿಸಿಕೊಂಡು ಹೋಗುವವರೆಗೆ ಬೆನ್ನಟ್ಟಬಹುದು. ಆದರೆ ಅಲ್ಲಿ ಉಳಿದಿರುವುದು ಮಾಲನ್ನು ಬಿಡಿಸಿಕೊಳ್ಳುವಷ್ಟು ಬಲದ ಹಕ್ಕು ಮಾತ್ರ. ಬೆನ್ನು ಹಾಕಿ ಓಡುವವನಿಗೆ ಗುಂಡು ಹೊಡೆದರೆ ಅದು ಸಾಮಾನ್ಯವಾಗಿ ರಕ್ಷೆ ಎನಿಸುವುದಿಲ್ಲ. ಎದುರಾಳಿ ಹಿಮ್ಮೆಟ್ಟಿದ ಮೇಲೆ ಈ ಹಕ್ಕಿಗೆ ಎಡೆಯಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ ೧೯೬೦ರ ದಶಕದಷ್ಟು ಹಿಂದೆಯೇ ಸ್ಪಷ್ಟಪಡಿಸಿದೆ.

ನಮ್ಮ ಊರುಗಳಲ್ಲಿ ಹೆಚ್ಚಾಗಿ ಎಡವುವುದು ಇಲ್ಲಿಯೇ. ಕಳ್ಳ ಸಿಕ್ಕಿಬಿದ್ದ. ಬೀದಿಗೆ ಬೀದಿಯೇ ಎದ್ದು ಬಂತು. ದೀಪದ ಕಂಬಕ್ಕೆ ಕಟ್ಟಿದರು. ಅದುವರೆಗೆ ಹಾಸಿಗೆಯಿಂದ ಏಳದಿದ್ದವರೂ ಈಗ ಬಂದು ಒಂದೊಂದು ಏಟು ಹಾಕಿ ತೃಪ್ತಿಪಟ್ಟುಕೊಳ್ಳುತ್ತಾರೆ. ಕಟ್ಟಿಹಾಕಿದವನಿಂದ ಯಾರಿಗೆ ಅಪಾಯ? ಕಂಬಕ್ಕೆ ಕಟ್ಟಿದ ಮೇಲೆ ಬೀಳುವ ಪ್ರತಿಯೊಂದು ಏಟೂ ಶಿಕ್ಷೆ, ಪ್ರತಿಯೊಂದೂ ಅಪರಾಧ. ಅವನು ಸತ್ತರೆ ಹೊಡೆದವರೆಲ್ಲರೂ ಕೊಲೆಯ ಆಪಾದಿತರಾಗಬಹುದು. ಅದರಲ್ಲಿಯೂ, ಕಟ್ಟಿದವನು ಕಳ್ಳನೇ ಎಂಬ ಖಾತರಿಯಾದರೂ ಏನು? ೨೦೧೮ರಲ್ಲಿ ಮಕ್ಕಳ ಕಳ್ಳರೆಂಬ ಗಾಳಿಸುದ್ದಿಗೆ ಬೆಂಗಳೂರಿನ ಚಾಮರಾಜಪೇಟೆಯಲ್ಲಿಯೂ ಬೀದರ್ ಜಿಲ್ಲೆಯ ಮುರ್ಕಿಯಲ್ಲಿಯೂ ಜನರ ಗುಂಪಿಗೆ ಸಿಕ್ಕಿ ನಿರಪರಾಧಿಗಳು ಪ್ರಾಣ ಕಳೆದುಕೊಂಡದ್ದನ್ನು ಮರೆಯಬಾರದು.

ಹಿಡಿದವನನ್ನು ಏನು ಮಾಡಬೇಕೆಂಬುದಕ್ಕೂ ಕಾನೂನಿನಲ್ಲಿ ಉತ್ತರವಿದೆ. ತನ್ನ ಕಣ್ಣೆದುರಿಗೆ ಜಾಮೀನಿಲ್ಲದ, ಪೊಲೀಸರು ವಾರಂಟಿಲ್ಲದೆ ಹಿಡಿಯಬಹುದಾದ ಅಪರಾಧ ಮಾಡಿದವನನ್ನು ಸಾಮಾನ್ಯ ಪ್ರಜೆಯೂ ಬಂಧಿಸಬಹುದು. ಆದರೆ ತಡಮಾಡದೆ, ಹೆಚ್ಚೆಂದರೆ ಆರು ಗಂಟೆಗಳೊಳಗೆ, ಪೊಲೀಸರಿಗೆ ಒಪ್ಪಿಸಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೪೦ನೆಯ ಕಲಂ ವಿಧಿಸುತ್ತದೆ. ಕೂರಿಸಿ, ಕಾವಲಿಟ್ಟು, ಬಾಯಾರಿದರೆ ನೀರು ಕೊಟ್ಟು, ೧೧೨ಕ್ಕೆ ಫೋನು ಮಾಡಿ. ನಿಮ್ಮ ಕೆಲಸ ಅಲ್ಲಿಗೆ ಮುಗಿಯಿತು.

ಎದುರಿಗೆ ನಿಂತು ಹೊಡೆಯುವುದರ ಮಾತಾಯಿತು. ಬಲೆಯೊಡ್ಡಿ ಮಲಗುವವರ ಮಾತೊಂದುಂಟು. ಬಿಹಾರದಲ್ಲಿ ೧೯೫೯ರಲ್ಲಿ ಒಂದು ಘಟನೆ ನಡೆಯಿತು. ನೆರೆಮನೆಯ ಶೌಚಾಲಯದ ಗೋಡೆ ಬಿದ್ದುಹೋಗಿತ್ತು. ಆ ಮನೆಯವರು ಪಕ್ಕದವನ ಶೌಚಾಲಯಕ್ಕೆ ಹೋಗತೊಡಗಿದರು. ಅವನು ಬೇಡವೆಂದ, ಕೇಳಲಿಲ್ಲ. ಕೊನೆಗೆ ಶೌಚಾಲಯದ ದಾರಿಯಲ್ಲಿ ವಿದ್ಯುತ್ತು ಹರಿಯುವ ಬರಿಯ ತಂತಿ ಕಟ್ಟಿದ. ಅಲ್ಲಿಗೆ ಹೋದ ಹೆಂಗಸು ತಂತಿ ತಗುಲಿ ಸತ್ತಳು. ನನ್ನ ಜಾಗಕ್ಕೆ ಅತಿಕ್ರಮಿಸಿ ಬಂದವಳು, ನನ್ನ ಸ್ವತ್ತನ್ನು ನಾನು ರಕ್ಷಿಸಿಕೊಂಡೆ ಎಂದು ಅವನ ವಾದ. ಸರ್ವೋಚ್ಚ ನ್ಯಾಯಾಲಯ ೧೯೬೩ರಲ್ಲಿ ಅದನ್ನು ತಳ್ಳಿಹಾಕಿತು. ಅತಿಕ್ರಮಿಸಿ ಬಂದ ಮಾತ್ರಕ್ಕೆ ಯಾರೂ ಕಾನೂನಿನ ಆಸರೆ ಕಳೆದುಕೊಳ್ಳುವುದಿಲ್ಲ. ಕೈಯಿಂದ ಮಾಡಬಾರದ ಕೇಡನ್ನು ತಂತಿಯಿಂದಲೂ ಮಾಡಬಾರದು ಎಂಬುದು ತೀರ್ಪಿನ ತಾತ್ಪರ್ಯ. ದೊಣ್ಣೆ ಹಿಡಿದ ಮನುಷ್ಯ ಎದುರಿಗಿರುವವರು ಯಾರೆಂದು ನೋಡಬಲ್ಲ, ಕೈ ತಡೆದುಕೊಳ್ಳಬಲ್ಲ, ತಂತಿಗೆ ಕಣ್ಣಿಲ್ಲ. ಅದಕ್ಕೆ ಕಳ್ಳನೂ ಒಂದೇ, ಚೆಂಡು ಹುಡುಕಿ ಬಂದ ಮಗುವೂ ಒಂದೇ. ತೋಟಕ್ಕೆ ಹಂದಿ ಬಾರದಿರಲೆಂದು ಮನೆಯ ವಿದ್ಯುತ್ತನ್ನೇ ಬೇಲಿಗೆ ಹರಿಸುವವರೂ ಇದನ್ನು ನೆನಪಿಡಬೇಕು.

ಮನುಷ್ಯರೂ ಕತ್ತಲಲ್ಲಿ ಕುರುಡರೇ. ೩೬ನೆಯ ಕಲಮಿನ ಕೆಳಗೆ ಕಾನೂನೇ ಒಂದು ಉದಾಹರಣೆ ಕೊಟ್ಟಿದೆ. ತಾನು ಪ್ರವೇಶಿಸಲು ಹಕ್ಕುಳ್ಳ ಮನೆಗೆ ಒಬ್ಬನು ರಾತ್ರಿ ಬರುತ್ತಾನೆ. ಒಳಗಿದ್ದವನು ಕನ್ನಗಳ್ಳನೆಂದು ಪ್ರಾಮಾಣಿಕವಾಗಿ ಭಾವಿಸಿ ಅವನ ಮೇಲೆ ಬೀಳುತ್ತಾನೆ. ಬಿದ್ದವನದು ಅಪರಾಧವಲ್ಲ, ಬಂದವನಿಗೂ ಎದುರಿಸುವ ಹಕ್ಕು ಅಷ್ಟೇ ಉಂಟು. ಓದಲು ಎರಡು ಸಾಲು. ಯೋಚಿಸಿದರೆ ಎದೆ ನಡುಗುತ್ತದೆ. ಕೊನೆಯ ಬಸ್ಸಿಗೆ ಬಂದು, ತಂದೆಯನ್ನು ಎಬ್ಬಿಸಬಾರದೆಂದು ಹಿತ್ತಿಲಿನಿಂದ ಒಳಬರುವ ಮಗನೂ, ದೊಣ್ಣೆ ಹಿಡಿದು ಕತ್ತಲಲ್ಲಿ ನಿಂತ ತಂದೆಯೂ ಇಬ್ಬರೂ ಕಾನೂನಿನ ಕಣ್ಣಿನಲ್ಲಿ ನಿರ್ದೋಷಿಗಳೇ. ಆದರೆ ಸತ್ತ ಮಗನನ್ನು ಯಾವ ಕಲಂ ತಂದುಕೊಟ್ಟೀತು? ಆದುದರಿಂದ ದೊಣ್ಣೆಗಿಂತ ಮೊದಲು ದೀಪ, ಏಟಿಗಿಂತ ಮೊದಲು “ಯಾರದು?” ಎಂಬ ಕೂಗು. ಕಾನೂನು ನಿರ್ಬಂಧಿಸದಿದ್ದರೂ ಗೃಹಸ್ಥನ ವಿವೇಕ ಇದನ್ನು ನಿರ್ಬಂಧಿಸಬೇಕು.

ಪಟ್ಟಣಗಳಲ್ಲಿ ನುಗ್ಗಿ ಬರುವವನು ಯಾವಾಗಲೂ ಕಳ್ಳನೇ ಆಗಿರಬೇಕೆಂದಿಲ್ಲ. ಬಾಡಿಗೆಯ ಕರಾರು ಮುಗಿದರೂ ಬಿಡದವರನ್ನು ಎತ್ತಿ ಹಾಕಲು ಮನೆಯ ಮಾಲೀಕನೇ ನಾಲ್ಕು ಜನರನ್ನು ಕಟ್ಟಿಕೊಂಡು ಬರುವುದುಂಟು. ನೆಲೆಯಾಗಿ ವಾಸವಿರುವವರನ್ನು ನ್ಯಾಯಾಲಯದ ಮೂಲಕವೇ ಬಿಡಿಸಬೇಕು. ಬಲದಿಂದ ಹೊರಹಾಕುವ ಹಕ್ಕು ನಿಜವಾದ ಮಾಲೀಕನಿಗೂ ಇಲ್ಲ, ಅಂಥ ಬಲವನ್ನು ತಡೆಯುವ ಹಕ್ಕು ವಾಸವಿರುವವರಿಗೆ ಉಂಟು ಎಂಬುದು ಸರ್ವೋಚ್ಚ ನ್ಯಾಯಾಲಯದ ಮಾತು. ಆದರೆ ಕರ್ತವ್ಯದ ಮೇಲೆ ಪ್ರಾಮಾಣಿಕವಾಗಿ ಬಂದ ಸರ್ಕಾರಿ ನೌಕರನೆಂದು ತಿಳಿದ ಮೇಲೆ, ಸಾವಿನ ಅಥವಾ ಘೋರವಾದ ಗಾಯದ ಭಯವಿಲ್ಲದಿರುವಾಗ, ಅವನ ಮೇಲೆ ಕೈಮಾಡುವಂತಿಲ್ಲ. ಆಕ್ಷೇಪಣೆಯಿದ್ದರೆ ಕೋರ್ಟಿನಲ್ಲಿ ಹೇಳಬೇಕು.

ಆಗಬಾರದ್ದು ಆಗಿಯೇಹೋಯಿತೆನ್ನಿ. ಮುಂದೇನು? ಸಾವು ಸಂಭವಿಸಿದರೆ ಮೊಕದ್ದಮೆ ದಾಖಲಾಗುವುದು, ವಿಚಾರಣೆ ನಡೆಯುವುದು ಸಹಜ. ಅದರಿಂದಲೇ ನೀವು ಅಪರಾಧಿಯಾದಿರೆಂದು ಎದೆಗೆಡಬೇಕಾಗಿಲ್ಲ. ಆತ್ಮರಕ್ಷಣೆಗಾಗಿ ಮಾಡಿದೆ ಎಂದು ತೋರಿಸುವ ಹೊಣೆ ನಿಮ್ಮದೇ. ಆದರೆ ಸರ್ಕಾರಿ ವಕೀಲರಂತೆ ಸಂಶಯಕ್ಕೆ ಎಡೆಯಿಲ್ಲದಂತೆ ಸಾಧಿಸಬೇಕಾಗಿಲ್ಲ. ಹಾಗೆ ನಡೆದಿರುವುದೇ ಹೆಚ್ಚು ಸಂಭವನೀಯವೆಂದು ತೋರಿಬಂದರೆ ಸಾಕು. ಒಡೆದ ಚಿಲಕ, ಬಿದ್ದ ಚೂರಿ, ನಿಮ್ಮ ಮೈಮೇಲಿನ ಗಾಯ ಇವೆಲ್ಲ ನಿಮ್ಮ ಸಾಕ್ಷಿಗಳು. ಅವನ್ನು ಅಳಿಸಬೇಡಿ, ನೆಲ ತೊಳೆಯಬೇಡಿ. ಪೊಲೀಸರಿಗೆ ನೀವೇ ಮೊದಲು ತಿಳಿಸಿ. ಬಿದ್ದವನಿಗೆ ಉಸಿರಿದ್ದರೆ ಆಂಬುಲೆನ್ಸು ಕರೆಸಿ. ಕೊಲ್ಲುವ ಸಂಕಲ್ಪ ನಿಮಗಿರಲಿಲ್ಲವೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿಯುಂಟೆ? ದ್ವೇಷವಿಲ್ಲದೆ, ಪೂರ್ವಸಿದ್ಧತೆಯಿಲ್ಲದೆ, ಪ್ರಾಮಾಣಿಕವಾಗಿ ರಕ್ಷಣೆಗೆ ಹೊರಟವನು ಆ ಗಳಿಗೆಯಲ್ಲಿ ಮಿತಿ ಮೀರಿ ಕೊಂದರೂ ಅದನ್ನು ಕಾನೂನು ಕೊಲೆಯೆನ್ನುವುದಿಲ್ಲ, ಅದಕ್ಕಿಂತ ಕಡಮೆಯ ಅಪರಾಧವೆಂದು ಎಣಿಸುತ್ತದೆ. ಆದರೂ ಅದು ಅಪರಾಧವೇ, ದಂಡನೆಯೂ ಉಂಟು.

ಈಗ ಮೊದಲಿನ ಆ ರಾತ್ರಿಗೆ ಹಿಂದಿರುಗೋಣ. ಅಡಿಗೆಮನೆಯಲ್ಲಿ ಪಾತ್ರೆ ಉರುಳಿದೆ. ಮಕ್ಕಳನ್ನೂ ಹಿರಿಯರನ್ನೂ ಒಂದು ಕೋಣೆಗೆ ಸೇರಿಸಿ ಒಳಗಿನಿಂದ ಅಗುಳಿ ಹಾಕಿಸಿ. ದೀಪ ಹಾಕಿ. ಗಟ್ಟಿಯಾಗಿ ಕೂಗಿ, ನೆರೆಯವರನ್ನು ಹೆಸರು ಹಿಡಿದು ಕರೆಯಿರಿ. ೧೧೨ಕ್ಕೆ ಫೋನು ಮಾಡಿ. ದೊಣ್ಣೆ ಕೈಯಲ್ಲಿರಲಿ, ತಪ್ಪಿಲ್ಲ. ಓಡುವವನಿಗೆ ದಾರಿ ಬಿಡಿ. ಮೂಲೆಗೆ ಒತ್ತಿದರೆ ಬೆಕ್ಕೂ ಮೇಲೆ ಬೀಳುತ್ತದೆ. ಅವನು ಓಡದೆ ನಿಮ್ಮ ಮೇಲೋ ಮನೆಯವರ ಮೇಲೋ ಬಂದರೆ ಹಿಂಜರಿಯದೆ ಹೊಡೆಯಿರಿ. ಕಾನೂನು ನಿಮ್ಮ ಪಕ್ಕದಲ್ಲಿ ನಿಂತಿದೆ. ಅವನು ಬಿದ್ದ ಮೇಲೆ, ಓಡಿದ ಮೇಲೆ, ಶರಣಾದ ಮೇಲೆ ದೊಣ್ಣೆ ಕೆಳಗಿಳಿಯಲಿ. ಆಗ ಅದೇ ಕಾನೂನು ಅವನ ಪಕ್ಕಕ್ಕೂ ಬಂದು ನಿಂತಿರುತ್ತದೆ. ಮರುದಿನ ಬೆಳಿಗ್ಗೆ ಹಿತ್ತಿಲ ಬಾಗಿಲಿಗೆ ಗಟ್ಟಿಯಾದ ಇನ್ನೊಂದು ಅಗುಳಿ ಹಾಕಿಸುವುದನ್ನು ಮಾತ್ರ ಮರೆಯಬೇಡಿ.